ಆಕ್ಸಿಮೀಟರಿನ ಅಂಕಿಯ ಪಕ್ಕದಲ್ಲಿ ಉಸಿರಿನ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ದಮ್ಮು ಉಲ್ಬಣಿಸಿ ನನ್ನ ತಾಯಿಯನ್ನು ನಮ್ಮ ಕಾಸರಗೋಡು ಜಿಲ್ಲೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಆಮ್ಲಜನಕ ಕೊಡತೊಡಗಿದ ಮೇಲೆ ಬೆರಳಿನ ಆಕ್ಸಿಮೀಟರ್ 98 ತೋರಿಸಿತು. ನಮಗೂ ದಾದಿಯರಿಗೂ ಸಮಾಧಾನವಾಯಿತು. ಬೆಳಗಿನ ಜಾವ ಕರೆದರೂ ಕಣ್ಣು ತೆರೆಯದಷ್ಟು ಮಂಪರು ಅವರನ್ನು ಆವರಿಸಿತ್ತು. ಅಂಕಿ ಆಗಲೂ 98. ಅಪಧಮನಿಯ ರಕ್ತ ಪರೀಕ್ಷಿಸಿದ ಮೇಲಷ್ಟೇ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಏರಿರುವುದು ತಿಳಿಯಿತು.

ಬೆರಳಿನ ಮೂಲಕ ಕೆಂಪು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ, ಹಿಮೋಗ್ಲೋಬಿನ್ನಿನ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆ ಎಂದು ಅಂದಾಜಿಸುವ ಈ ಉಪಕರಣಕ್ಕೆ ಇಂಗಾಲದ ಡೈಆಕ್ಸೈಡ್ ಕಾಣಿಸುವುದೇ ಇಲ್ಲ. ಹೊರಗಿನಿಂದ ಆಮ್ಲಜನಕ ಹರಿಯುತ್ತಿರುವಾಗ ಉಸಿರಾಟ ಕುಂದಿ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿದರೂ ಅಂಕಿ ಬಹಳ ಹೊತ್ತು ಮೇಲೆಯೇ ನಿಂತಿರುತ್ತದೆ. ದೀರ್ಘಕಾಲದ ಶ್ವಾಸಕೋಶ ಕಾಯಿಲೆಯವರಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಭಯವಿದ್ದರೆ 88ರಿಂದ 92ರ ನಡುವಿನ ಅಂಕಿಯೇ ಗುರಿಯಾಗಿರಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ನಾವು ಸಂತೋಷಪಟ್ಟ 98 ನಮ್ಮ ತಾಯಿಯ ಮಟ್ಟಿಗೆ ಒಳ್ಳೆಯ ಅಂಕಿಯೇ ಆಗಿರಲಿಲ್ಲ. ತಣ್ಣಗಾದ ಬೆರಳು, ಉಗುರುಬಣ್ಣ ಇವು ಕೂಡ ಅಂಕಿಯನ್ನು ಏರುಪೇರು ಮಾಡುತ್ತವೆ. ಕಪ್ಪು ಮೈಬಣ್ಣದವರಲ್ಲಿ ಉಪಕರಣವು ನಿಜಕ್ಕಿಂತ ಹೆಚ್ಚು ತೋರಿಸುವ ಸಂಭವ ಅಧಿಕವೆಂದು 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತ್ತು. ನಮ್ಮಂಥವರ ಊರಿನಲ್ಲಿ ಇದನ್ನು ಮರೆಯುವಂತಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆಯೇ. ಆ ರಾತ್ರಿ ತಾಯಿ ಎರಡು ಬಾರಿ "ತಲೆ ಭಾರ, ನಿದ್ದೆ ಎಳೆಯುತ್ತದೆ" ಎಂದು ಕನ್ನಡದಲ್ಲಿ ಹೇಳಿದ್ದರು. ಅದು ಡೈಆಕ್ಸೈಡ್ ಏರುವಿಕೆಯ ಮುನ್ಸೂಚನೆ. ಮಲಯಾಳ ಮಾತ್ರ ಬಲ್ಲ ದಾದಿಗೆ ಆ ಮಾತು ತಿಳಿಯಲಿಲ್ಲ, ನನಗೆ ಅದರ ಮಹತ್ವ ತಿಳಿಯಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಒಬ್ಬರೇ ಇಡೀ ವಾರ್ಡನ್ನು ನೋಡುತ್ತಿದ್ದರು.

ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಸೌದೆ ಒಲೆಯ ಹೊಗೆಯಲ್ಲಿ ಬಾಳಿ ಶ್ವಾಸಕೋಶ ಕೆಡಿಸಿಕೊಂಡ ಹಿರಿಯ ಹೆಂಗಸರು ಮನೆಮನೆಯಲ್ಲಿದ್ದಾರೆ. ಅವರನ್ನು ದಾಖಲಿಸುವ ಆಸ್ಪತ್ರೆಗಳು ಆಕ್ಸಿಮೀಟರಿನ ಅಂಕಿಯ ಪಕ್ಕದಲ್ಲಿಯೇ, ಕೊಡುತ್ತಿರುವ ಆಮ್ಲಜನಕ ಎಷ್ಟು ಲೀಟರ್, ಪೂರ್ತಿ ಒಂದು ನಿಮಿಷ ಎಣಿಸಿದ ಉಸಿರು ಎಷ್ಟು, ರೋಗಿ ಎಚ್ಚರದಲ್ಲಿದ್ದಾರೆಯೇ ಎಂಬುದನ್ನೂ ಪ್ರತಿ ಸಲ ಬರೆಯಬೇಕು. ಆ ರೋಗಿಗೆ ಇರಬೇಕಾದ ಅಂಕಿಯ ಮಿತಿಯನ್ನೂ, ಯಾವ ಲಕ್ಷಣ ಕಂಡರೆ ಕೂಡಲೇ ಕರೆಯಬೇಕೆಂಬುದನ್ನೂ ಮಲಯಾಳದೊಂದಿಗೆ ಕನ್ನಡದಲ್ಲಿಯೂ ಬರೆದು ಹಾಸಿಗೆಯ ಬಳಿ ತೂಗುಹಾಕುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಆದೇಶಿಸಬೇಕೆಂದು ವಿನಂತಿಸುತ್ತೇನೆ.

— ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ