ಸೊಂಟ ನೋವಿಗೆ ಆಫರ್ ಯಾಕೆ?

ಸಂಪಾದಕರೇ,

ಜೋಳದ ಚೀಲ ಎತ್ತುವಾಗ ನಮ್ಮ ಅಣ್ಣನಿಗೆ ಸೊಂಟ ಹಿಡಿಯಿತು. ಕರಪತ್ರದಲ್ಲಿ ‘ಮೊದಲ ತಪಾಸಣೆ ಉಚಿತ’ ಅಂತ ನೋಡಿ ಬೆನ್ನು, ಕುತ್ತಿಗೆಯ ಮೂಳೆಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವಿಗೆ ಚಿಕಿತ್ಸೆ ಕೊಡುವ ಒಂದು ಕೈರೋಪ್ರಾಕ್ಟಿಕ್ ಸೆಂಟರ್‌ಗೆ ಹೋದ. ಹತ್ತು ನಿಮಿಷ ನೋಡಿ, 24 ಸಿಟ್ಟಿಂಗ್ ಬೇಕು ಎಂದರು. ‘ಇವತ್ತೇ ಪೂರ್ತಿ ಕಟ್ಟಿದರೆ ಅರ್ಧ ರೇಟು, ನಾಳೆ ಈ ಆಫರ್ ಇರೋದಿಲ್ಲ’ ಅಂತ ಬೇರೆ. ಗೊಬ್ಬರಕ್ಕೆ ಇಟ್ಟಿದ್ದ ದುಡ್ಡನ್ನು ಕಿಸೆಯಿಂದ ತೆಗೆದು, ಎಣಿಸಿ ಕೊಟ್ಟು ಬಂದ.

ಇಳಕಲ್ ಸೀರೆಗೆ ರಿಯಾಯಿತಿ ಇರಲಿ, ಬೇಡ ಅನ್ನುವುದಿಲ್ಲ. ಇಷ್ಟವಾಗದಿದ್ದರೆ ಬಿಟ್ಟು ಬರಬಹುದು. ನೋವಿನಲ್ಲಿ ಇರುವವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಹೊಸದಾಗಿ ಹಿಡಿದ ಸೊಂಟ ಬಹಳ ಮಂದಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಎರಡು ಮೂರು ಸಲ ನೋಡಿ ಆಮೇಲೆ ಮುಂದಿನದು ಹೇಳಬೇಕು, ಅಲ್ವಾ? ಕುತ್ತಿಗೆ ತಿರುಗಿಸುವ ಚಿಕಿತ್ಸೆಯಿಂದ ಅಪರೂಪಕ್ಕೆ ರಕ್ತನಾಳ ಹರಿದು ಪಾರ್ಶ್ವವಾಯು ಆಗಿದ್ದೂ ಉಂಟು. ಆ ಮಾತು ಕರಪತ್ರದಲ್ಲಿ ಎಲ್ಲೂ ಇರಲಿಲ್ಲ.

ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯಬಾರದು ಎಂದು 2002ರ ವೈದ್ಯಕೀಯ ನೀತಿ ನಿಯಮ ಹೇಳುತ್ತದೆ. ಈ ಸೆಂಟರ್‌ನವರಿಗೂ ಅದೇ ಶಿಸ್ತು ಬೇಕು. ಕಡಿಮೆ ಮಾಡುವುದಾದರೆ ದಿನದ ಫೀಸನ್ನೇ ಇಳಿಸಲಿ. ಅರ್ಧಕ್ಕೆ ನಿಲ್ಲಿಸಿದವರಿಗೆ ಉಳಿದ ದುಡ್ಡು ವಾಪಸ್ ಕೊಡಲಿ. ಜಿಲ್ಲಾ ಆರೋಗ್ಯ ಇಲಾಖೆಯವರು ಈ ಕರಪತ್ರಗಳನ್ನು ಒಮ್ಮೆ ಕೂತು ಓದಲಿ.

– ಓದುಗರೊಬ್ಬರು, ನವನಗರ, ಬಾಗಲಕೋಟೆ