ಗಾಯನವೃಂದದಿಂದ ಓಡಿಬಂದ ತಂಗಿಗೆ

ಆರಾಧನೆಯ ಮಧ್ಯೆ ನಮ್ಮ ಸಭೆಯ ಹಿರಿಯರೊಬ್ಬರು ನಿಂತಲ್ಲೇ ಕುಸಿದರು. ಎಲ್ಲರೂ ಎತ್ತಿ ಕೂರಿಸಲು, ನೀರು ಕುಡಿಸಲು ಮುಂದಾದಾಗ ತಡೆದವಳು ನೀನು. ಹೆಸರು ಗೊತ್ತಿಲ್ಲ, ತಂಗಿ, ಮನಸಾರೆ ಧನ್ಯವಾದ.

ನೀನು ಮೊದಲು ಅವರ ಉಸಿರಾಟ ನೋಡಿದೆ. ಅಂಗಾತ ಮಲಗಿಸಿ, ಚೀಲಗಳನ್ನು ಒತ್ತುಕೊಟ್ಟು ಕಾಲುಗಳನ್ನು ಸುಮಾರು 30 ಸೆಂಟಿಮೀಟರ್ ಎತ್ತರಿಸಿದೆ. ಕೂರಿಸಿದರೆ ಮಿದುಳಿಗೆ ರಕ್ತ ತಲುಪುವುದು ತಡವಾಗುತ್ತದೆ, ಪೂರ್ತಿ ಎಚ್ಚರವಾಗುವ ಮುನ್ನ ನೀರು ಕೊಟ್ಟರೆ ಶ್ವಾಸನಾಳಕ್ಕೆ ಇಳಿಯಬಹುದು ಎಂದು ಯಾರಿಗೂ ನೋವಾಗದಂತೆ ಹೇಳಿದೆ. ಕೊರಳ ಗುಂಡಿ ಸಡಿಲಿಸಿದೆ. ಕಾಲ ಬಳಿ ಸರಿದ ಬಟ್ಟೆಯನ್ನೂ ಮುಚ್ಚಿದೆಯಲ್ಲ, ಆ ಗಳಿಗೆಯಲ್ಲಿ ಅವರ ಮಾನದ ನೆನಪಾದದ್ದು ನಿನಗೊಬ್ಬಳಿಗೇ.

ಅವರು ಕಣ್ಣು ತೆರೆದಾಗ ನಮಗೆಲ್ಲ ಹೋದ ಜೀವ ಬಂದಂತಾಯಿತು. ನೀನು ಮಾತ್ರ 15 ನಿಮಿಷ ಏಳಲು ಬಿಡದೆ ಕೈ ಹಿಡಿದು ಕುಳಿತೆ. ಬೈಬಲಿನ ಲೂಕ 10ರ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಸಮಾರ್ಯದವನು ಗಾಯ ಕಟ್ಟಿ ಹೊರಟುಬಿಡಲಿಲ್ಲ, ಛತ್ರದವರೆಗೂ ಜೊತೆಯಾದ. ನೀನೂ ವೈದ್ಯರು ನೋಡಲೇಬೇಕೆಂದು ಹಟ ಹಿಡಿದು, ಅವರೊಂದಿಗೇ ವಾಹನ ಹತ್ತಿದೆ.