ಒಗ್ಗುವುದು ಮೈಯಲ್ಲ, ಬ್ಯಾಕ್ಟೀರಿಯಾ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಆ್ಯಂಟಿಬಯೋಟಿಕ್ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ 'ಪದೇ ಪದೇ ತೆಗೆದುಕೊಂಡರೆ ದೇಹ ಔಷಧಿಗೆ ಒಗ್ಗಿಹೋಗುತ್ತದೆ' ಎಂಬ ಸಾಲು ಓದಿ ಪೇಪರ್ ಕೆಳಗಿಟ್ಟೆ. ಒಗ್ಗುವುದು ದೇಹ ಅಲ್ಲ ಸ್ವಾಮಿ, ಬ್ಯಾಕ್ಟೀರಿಯಾ. ಇದು ಬರೀ ಪದದ ತಕರಾರಲ್ಲ. ಆ ಸಾಲು ನಂಬಿದವರು 'ನಾನು ಮಾತ್ರೆ ನುಂಗಿದ್ದೇ ಕಡಿಮೆ, ನನಗೇನು ಭಯ' ಅಂತ ಸುಮ್ನೆ ಇದ್ದುಬಿಡುತ್ತಾರೆ.

ನಾನು 31 ವರ್ಷ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕಲ್ಚರ್ ಪ್ಲೇಟು ನೋಡಿ ನಿವೃತ್ತಳಾದವಳು. ರೋಗಿಯ ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಹತ್ತಿ ಕಡ್ಡಿಯಲ್ಲಿ ಪ್ಲೇಟಿನ ತುಂಬ ಸವರಿ, ಔಷಧಿ ಹೀರಿಕೊಂಡ ಕಾಗದದ ಪುಟ್ಟ ಡಿಸ್ಕ್‌ಗಳನ್ನು ಅದರ ಮೇಲೆ ಇಡುತ್ತಿದ್ದೆವು. ಮಾರನೇ ದಿನ ಬೆಳಿಗ್ಗೆ ಡಿಸ್ಕಿನ ಸುತ್ತ ಏನೂ ಬೆಳೆಯದ ದುಂಡನೆಯ ಜಾಗ ಇದ್ದರೆ ಸ್ಕೇಲಿಟ್ಟು ಅಳೆಯುವುದು, ಅಳತೆ ಸಾಕಷ್ಟಿದ್ದರೆ 'ಎಸ್' ಬರೆಯುವುದು, ಅಂದರೆ ಔಷಧಿ ನಾಟುತ್ತದೆ. ಡಿಸ್ಕಿನ ಅಂಚಿನವರೆಗೂ ಹಬ್ಬಿದ್ದರೆ 'ಆರ್', ಅಂದರೆ ಈ ಔಷಧಿ ನಾಟುವುದಿಲ್ಲ. ಈ 'ಆರ್' ಒಂಟಿಯಾಗಿ ಬಂದಿದ್ದು ಕಡಿಮೆ. ಐದಾರು ಒಟ್ಟಿಗೇ ಬರುತ್ತಿದ್ದವು. ಆ ರೋಗಿ ಹೆಸರೇ ಕೇಳದ ಔಷಧಿಗೂ ಆರ್!

ಇದೇ ಒಗಟು 1950ರ ದಶಕದಲ್ಲಿ ಜಪಾನಿನವರನ್ನು ಕಾಡಿತ್ತು. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ನಾಲ್ಕಕ್ಕೂ ಒಮ್ಮೆಗೇ ಬಗ್ಗದೆ ನಿಂತಿತು. ಒಂದೊಂದೇ ಬದಲಾವಣೆ ಆಗಿ ನಾಲ್ಕೂ ಕೂಡಿಬಂತು ಅನ್ನಲು ಲೆಕ್ಕ ಕೂಡುತ್ತಿರಲಿಲ್ಲ. 1959ರ ಸುಮಾರಿಗೆ ಒಚಿಯಾಯಿ ಮತ್ತು ಅಕಿಬಾ ಅವರ ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡಿದ್ದು ಇಷ್ಟು: ಕರುಳಲ್ಲಿ ಸಾಮಾನ್ಯವಾಗಿ ತೆಪ್ಪಗಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಈ ನಾಲ್ಕಕ್ಕೂ ಬಗ್ಗದ್ದಾಗಿದ್ದು, ಅದನ್ನು ಶಿಗೆಲ್ಲಾ ಜೊತೆ ಬೆರೆಸಿಟ್ಟರೆ ಸಾಕು, ನಾಲ್ಕೂ ಔಷಧಿಯ ವಿರುದ್ಧದ ಶಕ್ತಿ ಅದರಿಂದ ಇದಕ್ಕೆ ದಾಟುತ್ತದೆ.

ದಾಟುವ ಗಂಟಿನ ಹೆಸರು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ, ಸಾಮಾನ್ಯವಾಗಿ ಬಳೆಯಾಕಾರದ ತುಂಡು ಡಿಎನ್‌ಎ ಅದು. ಕೊಡುವ ಬ್ಯಾಕ್ಟೀರಿಯಾ ಕೂದಲಿನಂಥ ಎಳೆಯೊಂದನ್ನು ಚಾಚಿ ಪಕ್ಕದ್ದನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಪ್ಲಾಸ್ಮಿಡ್ಡಿನ ಎರಡು ಎಳೆಗಳಲ್ಲಿ ಒಂದು ಆಚೆ ಹೋಗುತ್ತದೆ. ಇಲ್ಲೊಂದು, ಅಲ್ಲೊಂದು ಉಳಿದ ಎಳೆಗೆ ಎರಡೂ ಕಡೆ ಹೊಸ ಜೋಡಿ ತಯಾರಾಗುತ್ತದೆ. ಅಂದರೆ ಕೊಟ್ಟವನ ಕೈ ಖಾಲಿಯಾಗುವುದಿಲ್ಲ, ಜೆರಾಕ್ಸ್ ಮಾಡಿ ಕೊಟ್ಟ ಹಾಗೆ. ಇಸಕೊಂಡವನು ಮುಂದಿನವನಿಗೂ ಕೊಡಬಲ್ಲ. ಡಿಎನ್‌ಎ ಮೇಲೆ ಜಾಗ ಬಿಟ್ಟು ಜಾಗಕ್ಕೆ ಜಿಗಿಯುವ ಜೀನ್‌ಗಳೂ ಇವೆ. ಅವು ಬಂದು ಕೂತು ಕೂತು ಒಂದೇ ಪ್ಲಾಸ್ಮಿಡ್ಡಿನಲ್ಲಿ ಹಲವು ಔಷಧಿಗಳ ವಿರುದ್ಧದ ಜೀನ್‌ಗಳು ಸೇರಿಕೊಳ್ಳುತ್ತವೆ. ಆಮೇಲೆ ಅದರಲ್ಲಿ ಯಾವುದೇ ಒಂದು ಔಷಧಿ ಬಳಸಿದರೂ ಇಡೀ ಗಂಟು ಉಳಿಯುತ್ತದೆ. ನನ್ನ ರಿಪೋರ್ಟಿನ ಐದಾರು 'ಆರ್'ಗಳಿಗೆ ಬಹುಪಾಲು ಕಾರಣ ಇದೇ.

ಸತ್ತ ಬ್ಯಾಕ್ಟೀರಿಯಾದಿಂದ ಚೆಲ್ಲಿದ ಡಿಎನ್‌ಎಯನ್ನು ಇನ್ನೊಂದು ಹೀರಿಕೊಳ್ಳುವುದೂ ಉಂಟು. ಹೀಗೆ ಸತ್ತದ್ದರ ಗುಣ ಬದುಕಿರುವುದಕ್ಕೆ ಬರುತ್ತದೆ ಅಂತ ಬ್ರಿಟಿಷ್ ವಿಜ್ಞಾನಿ ಗ್ರಿಫಿತ್ 1928ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. ವೈರಸ್ ಹೊತ್ತೊಯ್ಯುವುದೂ ಒಂದು ದಾರಿ.

ತರಬೇತಿಯಲ್ಲಿದ್ದಾಗ ಪ್ಲಾಸ್ಮಿಡ್ ದಾಟುವುದನ್ನು ಕಣ್ಣಾರೆ ನೋಡಿದ್ದೆ. ಎರಡು ಟ್ಯೂಬು, ಎರಡರಲ್ಲೂ ಇ. ಕೋಲಿ. ಒಂದಕ್ಕೆ ಟೆಟ್ರಾಸೈಕ್ಲಿನ್ ನಾಟದು, ಇನ್ನೊಂದಕ್ಕೆ ನಾಲಿಡಿಕ್ಸಿಕ್ ಆ್ಯಸಿಡ್ ನಾಟದು. ಎರಡೂ ಔಷಧಿ ಹಾಕಿದ ಪ್ಲೇಟಿನಲ್ಲಿ ಬೇರೆ ಬೇರೆಯಾಗಿ ಹಚ್ಚಿದರೆ ಮಾರನೇ ದಿನ ಪ್ಲೇಟು ಸ್ವಚ್ಛ. ಒಂದು ಗಂಟೆ ಒಟ್ಟಿಗೆ ಬೆಚ್ಚಗಿಟ್ಟು ಆಮೇಲೆ ಹಚ್ಚಿದ ಪ್ಲೇಟಿನಲ್ಲಿ ಮಾತ್ರ ಗುಂಡುಪಿನ್ನಿನ ತಲೆಯಷ್ಟು ಬಿಳಿ ಚುಕ್ಕಿಗಳು, ಎರಡೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ಗುಂಪುಗಳು. ಎಪ್ಪತ್ತರವರೆಗೆ ಎಣಿಸಿ ಕೈಬಿಟ್ಟೆ. ಬರೀ ಒಂದು ಗಂಟೆ!

ಇಷ್ಟೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ ಗೊತ್ತೇ? ಒಮ್ಮೆ ನೆಗಡಿ ಜಾಸ್ತಿಯಾಗಿ, ಡ್ರಾಯರಿನಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆ ಎರಡು ದಿನ ನುಂಗಿದೆ. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆ ಲೆಕ್ಕಕ್ಕೇ ಇಲ್ಲ. ಪೆಟ್ಟು ಬಿದ್ದದ್ದು ಕರುಳಿನ ಬ್ಯಾಕ್ಟೀರಿಯಾಗಳಿಗೆ. ಮೆತ್ತಗಿನವು ಸತ್ತವು, ಗಂಟು ಇದ್ದವಕ್ಕೆ ಜಾಗ ಸಿಕ್ಕಿತು. ಅಂಥವು ತಿಂಗಳುಗಟ್ಟಲೆ ಉಳಿಯಬಹುದು, ಆಚೆ ಹೋಗಿ ಮಾತ್ರೆಯನ್ನೇ ಮುಟ್ಟದವರ ಕರುಳು ಸೇರಬಹುದು. ನಾನು ಯಾರಿಗೇನು ಕೊಟ್ಟೆನೋ, ಯಾವ ರಿಪೋರ್ಟೂ ಹೇಳುವುದಿಲ್ಲ.

ಕೊನೆಯ ಅಸ್ತ್ರವೆಂದು ತೆಗೆದಿಟ್ಟಿದ್ದ ಕೊಲಿಸ್ಟಿನ್‌ಗೆ ಬಗ್ಗದ ಜೀನ್ ಕೂಡ ಪ್ಲಾಸ್ಮಿಡ್ ಹತ್ತಿದೆ ಅಂತ 2015ರಲ್ಲಿ ಚೀನಾದಿಂದ ವರದಿ ಬಂತು. ಹಂದಿಗಳಲ್ಲೂ ರೋಗಿಗಳಲ್ಲೂ ಅದು ಸಿಕ್ಕಿತ್ತು. ಇದನ್ನು ಓದಿದ ಮೇಲೆ 'ದೇಹ ಒಗ್ಗುತ್ತದೆ' ಅನ್ನುವ ಮಾತು ನನಗೆ ಇನ್ನೂ ಜಾಸ್ತಿ ಚುಚ್ಚುತ್ತದೆ.

ಒಂದು ಸಣ್ಣ ತಿದ್ದುಪಡಿ ಹಾಕಿ, ಸಾಕು. ಪತ್ರ ಉದ್ದವಾಯಿತು ಅಂದರೆ ಗ್ರಿಫಿತ್ ಅವರ ಇಲಿಗಳನ್ನು ಕತ್ತರಿಸಿ. ಜೆರಾಕ್ಸ್ ಮಾತು ಮಾತ್ರ ಇರಲಿ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್